ಸ್ವಿಚ್‌ನ ಅಲಾರ್ಮ್ ರಿಲೇ ಜೋಡಿಸುವುದು ಹೇಗೆ?

ಪ್ರಶ್ನೆ: ನಮ್ಮ ಪ್ಯಾನೆಲ್‌ನಲ್ಲಿರುವ ಈಥರ್ನೆಟ್ ಸ್ವಿಚ್‌ಗೆ (ನೆಟ್‌ವರ್ಕ್ ಸಾಧನಗಳನ್ನು ಜೋಡಿಸುವ ಪೆಟ್ಟಿಗೆ) 24 ವೋಲ್ಟ್‌ನ ಎರಡು ಸಪ್ಲೈಗಳಿವೆ. ಒಂದು ಹೋದರೂ ಯಾರಿಗೂ ತಿಳಿಯುವುದಿಲ್ಲ. ಅದರ ಅಲಾರ್ಮ್ ರಿಲೇಯನ್ನು ಪಿಎಲ್‌ಸಿಗೆ (ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್) ಹೇಗೆ ಜೋಡಿಸಲಿ?

ಉತ್ತರ: ಈ ರಿಲೇ ತಾನಾಗಿ ವೋಲ್ಟೇಜ್ ಕೊಡುವುದಿಲ್ಲ, ಎರಡು ಟರ್ಮಿನಲ್‌ಗಳ ನಡುವಿನ ಸಂಪರ್ಕವನ್ನು ಮುಚ್ಚಿ ತೆರೆಯುತ್ತದೆ ಅಷ್ಟೇ. ಪಿಎಲ್‌ಸಿಯ 24 ವೋಲ್ಟ್ ಪ್ಲಸ್ಸನ್ನು ಅರ್ಧ ಆಂಪಿಯರ್ ಫ್ಯೂಸ್ ಮೂಲಕ ಒಂದು ಟರ್ಮಿನಲ್‌ಗೆ ತಂದು, ಇನ್ನೊಂದರಿಂದ ಡಿಜಿಟಲ್ ಇನ್‌ಪುಟ್‌ಗೆ ಒಯ್ಯಿರಿ. ಎಲ್ಲ ಸರಿಯಿದ್ದಾಗ ಮುಚ್ಚಿದ್ದು, ದೋಷ ಬಂದಾಗ ತೆರೆದುಕೊಳ್ಳುವ ಟರ್ಮಿನಲ್ ಜೋಡಿಯನ್ನೇ ಬಳಸಿ. ಆಗ ತಂತಿ ತುಂಡಾದರೂ, ಸ್ವಿಚ್ ಪೂರ್ತಿ ಸತ್ತರೂ ಇನ್‌ಪುಟ್ 0 ಆಗಿ ಅಲಾರ್ಮ್ ಬರುತ್ತದೆ. ಮೂರು ಟರ್ಮಿನಲ್‌ಗಳಿದ್ದರೆ ಎನ್‌ಸಿ (ಸಾಮಾನ್ಯವಾಗಿ ಮುಚ್ಚಿದ್ದು), ಎನ್‌ಒ (ಸಾಮಾನ್ಯವಾಗಿ ತೆರೆದದ್ದು) ಗುರುತು ಸಾಮಾನ್ಯವಾಗಿ ವಿದ್ಯುತ್ ಇಲ್ಲದ ಸ್ಥಿತಿಯದ್ದು. ಸ್ವಿಚ್ ಚಾಲೂ ಇಟ್ಟು, ರಿಲೇ ಟರ್ಮಿನಲ್‌ಗಳ ಹೊರಗಿನ ತಂತಿ ಬಿಚ್ಚಿ, ಮೀಟರ್‌ನಿಂದ ಪರೀಕ್ಷಿಸುವುದೇ ಸರಿ.

ಸ್ವಿಚ್‌ನ ಕಾನ್ಫಿಗರೇಶನ್‌ನಲ್ಲಿ ಎರಡೂ ಪವರ್ ಅಲಾರ್ಮ್ ಮತ್ತು ಅಪ್‌ಲಿಂಕ್ ಪೋರ್ಟ್‌ನ (ಮುಖ್ಯ ನೆಟ್‌ವರ್ಕ್‌ಗೆ ಹೋಗುವ ಪೋರ್ಟ್) ಲಿಂಕ್ ಡೌನ್, ಅಂದರೆ ಸಂಪರ್ಕ ಕಡಿದ ಅಲಾರ್ಮ್, ಮಾತ್ರ ಆನ್ ಮಾಡಿ. ಲ್ಯಾಪ್‌ಟಾಪ್ ಸಿಕ್ಕಿಸುವ ಪೋರ್ಟನ್ನು ಸೇರಿಸಬೇಡಿ. ದಿನವೂ ಸುಳ್ಳು ಅಲಾರ್ಮ್ ಬಂದರೆ ನಿಜವಾದದ್ದನ್ನೂ ಯಾರೂ ನೋಡುವುದಿಲ್ಲ. ಸೇವ್ ಮಾಡಲು ಮರೆಯಬೇಡಿ, ಇಲ್ಲವಾದರೆ ರೀಬೂಟ್ ಆದಾಗ ಈ ಬದಲಾವಣೆಗಳು ಹೋಗಬಹುದು.

ಬಹಳಷ್ಟು ಮಾದರಿಗಳಲ್ಲಿ ಅಲಾರ್ಮ್ ರಿಲೇಯ ಮಿತಿ 24 ವೋಲ್ಟ್ ಡಿಸಿ, 1 ಆಂಪಿಯರ್. 230 ವೋಲ್ಟ್ ಹೂಟರನ್ನು ನೇರವಾಗಿ ಕೊಡಲೇಬೇಡಿ. ನಡುವೆ ಇನ್ನೊಂದು 24 ವೋಲ್ಟ್ ರಿಲೇ ಹಾಕಿ, ಅದರ ಕಾಯಿಲ್‌ಗೆ ಅಡ್ಡಲಾಗಿ 1ಎನ್4007 ಡಯೋಡ್ ಇಡಿ. ಡಯೋಡ್‌ನ ಪಟ್ಟಿಯಿರುವ ತುದಿ ಪ್ಲಸ್ ಕಡೆಗಿರಲಿ. ಕೊನೆಗೆ ಎರಡು ಸಪ್ಲೈಗಳನ್ನೂ ಒಂದೊಂದಾಗಿ ತೆಗೆದು ಅಲಾರ್ಮ್ ಬರುತ್ತದೆಯೇ ನೋಡಿ.