ಮಂಗಳೂರಿನ ಫ್ಲ್ಯಾಟಿಗೆ ಅಡುಗೆಮನೆ ಮತ್ತು ಮಲಗುವ ಕೋಣೆಯ ಕಪಾಟುಗಳನ್ನು ಯಾವುದರಲ್ಲಿ ಮಾಡಿಸಬೇಕು?

ಬಿಜೈಯಲ್ಲಿ ಕೊಂಡ ಫ್ಲ್ಯಾಟಿಗೆ ಶೋರೂಮಿನವರು ಎಂಡಿಎಫ್ ಹಲಗೆಯ ಮಾಡ್ಯುಲರ್ ಕಿಚನ್ ಮತ್ತು ವಾರ್ಡ್‌ರೋಬ್ ಸೂಚಿಸಿದ್ದಾರೆ, ಪರಿಚಯದ ಆಚಾರಿಯವರು ಪ್ಲೈವುಡ್ಡೇ ಆಗಬೇಕೆನ್ನುತ್ತಾರೆ, ಯಾರ ಮಾತು ಕೇಳಲಿ ಎಂದು ವಿಚಾರಿಸಿದ್ದೀರಿ. ಇಂಥ ಕಪಾಟುಗಳ ವಿನ್ಯಾಸವೇ ನನ್ನ ವೃತ್ತಿ. ಹಲಗೆಯ ವಿಷಯದಲ್ಲಿ ನನ್ನ ಮತ ಆಚಾರಿಯವರ ಕಡೆಗೆ.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಎಂಡಿಎಫ್, ಅಂಚಿನ ಪಟ್ಟಿ ಎಲ್ಲಾದರೂ ಸ್ವಲ್ಪ ಬಿಟ್ಟುಕೊಂಡರೆ ನೀರು ಹೀರಿ ಉಬ್ಬುತ್ತದೆ. ಉಬ್ಬಿದ್ದು ಒಣಗಿದ ಮೇಲೂ ಮೊದಲಿನಂತಾಗುವುದಿಲ್ಲ, ಅಲ್ಲಿ ಸ್ಕ್ರೂ ಹಿಡಿಯುವುದೂ ಇಲ್ಲ. ಅಡುಗೆಮನೆಯ ಕಪಾಟಿನ ಪೆಟ್ಟಿಗೆಗಳಿಗೆ ಐಎಸ್ 710 ಎಂಬ ಭಾರತೀಯ ಮಾನದಂಡದ 18 ಮಿ.ಮೀ. ಪ್ಲೈವುಡ್ ಹಾಕಿಸಿ. ಆ ಮಾನದಂಡದ ಪರೀಕ್ಷೆಯಲ್ಲಿ 72 ಗಂಟೆ ಕುದಿಸಿದರೂ ಪದರಗಳ ಅಂಟು ಬಿಡಬಾರದು. ಮಲಗುವ ಕೋಣೆಗೆ ಐಎಸ್ 303ರ ಬಿಡಬ್ಲ್ಯೂಆರ್ (ಕುದಿಯುವ ನೀರನ್ನು ತಾಳುವ) ದರ್ಜೆ ಸಾಕು. ಅದೇ ಮಾನದಂಡದಲ್ಲಿ ಎಂಆರ್ (ತೇವವನ್ನಷ್ಟೇ ತಾಳುವ) ಎಂಬ ಅಗ್ಗದ ದರ್ಜೆಯೂ ಇದೆ. ಅದು ನಮ್ಮ ಊರಿಗೆ ಬೇಡ. ಸಿಂಕಿನ ಕೆಳಗೆ ಮಾತ್ರ ಪ್ಲೈವುಡ್ಡೂ ಬೇಡವೆನ್ನುತ್ತೇನೆ. ಕಟ್ಟಡದವರು ಕೊಟ್ಟ ಕಲ್ಲಿನ ಹಲಗೆ ಇದ್ದರೆ ಅದನ್ನು ಒಡೆಸದೆ, ಮುಂದೆ ಬಾಗಿಲು ಮಾತ್ರ ಕೂರಿಸಿ.

ವಾರ್ಡ್‌ರೋಬ್ ಎಲ್ಲಿ ನಿಲ್ಲುತ್ತದೆ ಎಂಬುದು ಹಲಗೆಯಷ್ಟೇ ಮುಖ್ಯ. ಪಶ್ಚಿಮದ ಹೊರಗೋಡೆಗೆ ಮಳೆ ನೇರವಾಗಿ ಬಡಿಯುವುದರಿಂದ, ಅದಕ್ಕೆ ಅಂಟಿಸಿದ ಕಪಾಟಿನ ಬೆನ್ನಿನಲ್ಲಿ ಬೂಸ್ಟು ಹಿಡಿದು, ಮಳೆಗಾಲದ ಆಟಿ ತಿಂಗಳಲ್ಲಿ ರೇಷ್ಮೆ ಸೀರೆಗಳಿಗೂ ಅದೇ ವಾಸನೆ ಬರುತ್ತದೆ. ಒಳಗೋಡೆಗೆ ಕೂರಿಸಿ, ಬೇರೆ ಜಾಗವಿಲ್ಲದಿದ್ದರೆ ಹಿಂದೆ ಎರಡು ಇಂಚು ತೆರವು ಬಿಟ್ಟು, ಬಾಗಿಲಿನಲ್ಲಿ ಗಾಳಿಯಾಡುವ ಸೀಳುಗಳನ್ನು ಇಡಿಸಿ. ಒಳಮೈಗೂ ಲ್ಯಾಮಿನೇಟ್ ಬೇಕು, ಒಂದೇ ಬದಿಗೆ ಅಂಟಿಸಿದ ಹಲಗೆ ಡೊಂಕಾಗುತ್ತದೆ. ಆಳ 24 ಇಂಚು, ಜಾರುಬಾಗಿಲಾದರೆ ಇನ್ನೆರಡು ಮೂರು ಇಂಚು ಹೆಚ್ಚು.

ಅಡುಗೆಮನೆಯ ಅಳತೆಯನ್ನು ಕ್ಯಾಟಲಾಗಿನಿಂದಲ್ಲ, ಅಡುಗೆ ಮಾಡುವವರ ಮೊಣಕೈಯಿಂದ ತೆಗೆಯಬೇಕು. ಅದಕ್ಕಿಂತ ನಾಲ್ಕರಿಂದ ಆರು ಇಂಚು ಕೆಳಗೆ ಕಟ್ಟೆ ಇದ್ದರೆ ಬೆನ್ನು ನೋಯುವುದಿಲ್ಲ. ಕುಚ್ಚಲಕ್ಕಿ ತುಂಬ ಹೊತ್ತು ಬೇಯುವ ಮನೆಯಲ್ಲಿ ಒಲೆಯ ನೇರ ಮೇಲೆ ಕಪಾಟು ಇಟ್ಟರೆ ಹಬೆಗೆ ಅಂಚಿನ ಪಟ್ಟಿ ಮೊದಲು ಏಳುವುದು ಅಲ್ಲಿಯೇ. ಆ ಜಾಗ ಚಿಮಣಿಗಿರಲಿ. ಗ್ರೈಂಡರನ್ನು ಕೆಳಗಿನ ಕಪಾಟಿನಲ್ಲಿ ಅಡಗಿಸುವ ಚಿತ್ರಗಳು ನೋಡಲು ಚೆಂದ, ಆದರೆ ನೀರ್‌ದೋಸೆಗೆಂದು ಅಷ್ಟು ಭಾರವನ್ನು ಯಾರೂ ದಿನವೂ ಎತ್ತುವುದಿಲ್ಲ. ಅದಕ್ಕೆ ಕಟ್ಟೆಯ ಮೇಲೆಯೇ, ಪ್ಲಗ್ಗಿನ ಪಕ್ಕದಲ್ಲಿ ಸ್ಥಳ ಕೊಡಿ. ಮೀನು ತೊಳೆಯುವುದಿದ್ದರೆ ಯುಟಿಲಿಟಿಯಲ್ಲಿ ಬೇರೆ ಸಿಂಕ್ ಇರಲಿ.

ಹಣ ಉಳಿಸುವುದಾದರೆ ಬಾಗಿಲಿನ ಹೊಳಪಿನಲ್ಲಿ ಉಳಿಸಿ. ಅಕ್ರಿಲಿಕ್ಕಿಗೆ ಕೊಡುವ ದುಡ್ಡನ್ನು ಕೀಲು ಮತ್ತು ಬುಟ್ಟಿಗಳಿಗೆ ಹಾಕಿ, 304 ದರ್ಜೆಯ ಸ್ಟೀಲನ್ನೇ ಕೇಳಿ ತೆಗೆದುಕೊಳ್ಳಿ, ಏಕೆಂದರೆ ಕಡಲ ಗಾಳಿಯ ಉಪ್ಪಿಗೆ ಸಾಧಾರಣ ಕೀಲು ಬೇಗ ತುಕ್ಕು ಹಿಡಿಯುತ್ತದೆ. ಬಾಗಿಲಿಗೆ 1 ಮಿ.ಮೀ.ನ ಮ್ಯಾಟ್ ಲ್ಯಾಮಿನೇಟ್ ಧಾರಾಳ ಸಾಕು.

ಶೋರೂಮಿನವರೂ ಕೇಳಿದರೆ ಪ್ಲೈವುಡ್ಡಿನಲ್ಲಿ ಮಾಡಿಕೊಡುತ್ತಾರೆ, ಯಂತ್ರದಲ್ಲಿ ಅಂಚು ಕಟ್ಟಿದ ಕೆಲಸ ಕೈಕೆಲಸಕ್ಕಿಂತ ಬಿಗಿಯಾಗಿರುತ್ತದೆ ಎಂಬುದನ್ನೂ ಒಪ್ಪಬೇಕು. ಯಾರಿಗೆ ಕೊಟ್ಟರೂ ಹಲಗೆ ಕೊಯ್ಯುವ ಮೊದಲು ಅದರ ಮೇಲಿನ ಐಎಸ್‌ಐ ಗುರುತು ಮತ್ತು ಪರವಾನಗಿ ಸಂಖ್ಯೆಯನ್ನು ನೋಡಿ, ಆ ಗುರುತು ಕೊಡುವ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ತಾಳೆ ಮಾಡಿ. ಲ್ಯಾಮಿನೇಟ್ ಅಂಟಿಸಿದ ಮೇಲೆ ಒಳಗೆ ಯಾವ ದರ್ಜೆ ಇದೆಯೆಂದು ಕಣ್ಣಿಗೆ ತಿಳಿಯುವುದಿಲ್ಲ.