ಪೆಟ್ಟಿಗೆಯ ಮೇಲಿನ ಊರು

ಓದುಗರ ಪತ್ರ: ನಾನು ಕುಂದಾಪುರದ ಕಡೆಯವನು. ದುಬೈಯಲ್ಲಿ ಒಂಬತ್ತು ವರ್ಷ ಇದ್ದೆ. ಅಲ್ಲಿ ನರ್ಸ್ ಆಗಿದ್ದ ಫಿಲಿಪೀನ್ಸಿನ ಹುಡುಗಿಯನ್ನು ಮದುವೆಯಾದೆ. ಅವಳ ಊರು ಇಲೋಇಲೋ. ಹತ್ತು ತಿಂಗಳ ಹಿಂದೆ ಇಬ್ಬರೂ ಕೆನಡಾದ ವಿನಿಪೆಗ್‌ಗೆ ಬಂದೆವು. ನನಗೆ ಇಲ್ಲಿ ಕನ್ನಡದವರು ಬೇಗ ಸಿಕ್ಕಿದರು. ಅವಳಿಗೆ ಮಾತ್ರ ಕೆಲಸ, ಮನೆ, ರಾತ್ರಿ ಅಮ್ಮನ ಜೊತೆ ಫೋನು, ಇಷ್ಟೇ. ದುಬೈಯಲ್ಲಿ ಶುಕ್ರವಾರ ಬಂತೆಂದರೆ ಮನೆ ತುಂಬ ಜನ ಇರುತ್ತಿದ್ದರು. ಅವಳ ಕಡೆಯವರನ್ನು ಇಲ್ಲಿ ಹೇಗೆ ಹುಡುಕಲಿ? (ಇಲ್ಲಿ ನರ್ಸಿಂಗ್ ಪರವಾನಗಿ ಇನ್ನೂ ಸಿಕ್ಕಿಲ್ಲ. ಸದ್ಯ ವೃದ್ಧಾಶ್ರಮವೊಂದರಲ್ಲಿ ಸಹಾಯಕಿ.)
ಹೆಸರು ಬೇಡವೆಂದ ಓದುಗ, ವಿನಿಪೆಗ್

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಕ್ಷಮಿಸಿ. ವಿನಿಪೆಗ್‌ನಲ್ಲಿ ಕುಳಿತು ಫಿಲಿಪಿನೋ ಜನ ಎಲ್ಲಿ ಎಂದು ಕೇಳುವುದು ಮಲ್ಪೆ ಬಂದರಿನಲ್ಲಿ ನಿಂತು ಮೀನು ಎಲ್ಲಿ ಸಿಗುತ್ತದೆ ಎಂದು ಕೇಳಿದ ಹಾಗೆ. 2021ರ ಜನಗಣತಿಯ ಪ್ರಕಾರ ನಿಮ್ಮ ಊರಿನ ಪ್ರತಿ ಹತ್ತು ಮಂದಿಯಲ್ಲಿ ಒಬ್ಬರಿಗಿಂತ ಹೆಚ್ಚು ಅವರೇ. 1950ರ ದಶಕದ ಕೊನೆಗೆ ನರ್ಸ್‌ಗಳು ಬಂದರು, 60ರ ದಶಕದ ಕೊನೆಯಿಂದ ಹೊಲಿಗೆ ಕಾರ್ಖಾನೆಗಳು ಹೆಂಗಸರನ್ನು ಕರೆಸಿಕೊಂಡವು, ಆಮೇಲೆ ಅವರ ಅಣ್ಣ ತಮ್ಮಂದಿರು, ಅಪ್ಪ ಅಮ್ಮ ಬಂದರು. 1988ರಲ್ಲೇ ನಿಮ್ಮ ಉತ್ತರ ವಿನಿಪೆಗ್ ಕ್ಷೇತ್ರದಿಂದ ಫಿಲಿಪೀನ್ಸ್ ಮೂಲದ ರೇ ಪಗ್ತಾಖಾನ್ ಗೆದ್ದು ಸಂಸತ್ತಿಗೆ ಹೋದರು. ಜಾಲಿಬೀ ಎಂಬ ಅವರ ಕೋಳಿ ಹೋಟೆಲು ಕೆನಡಾದಲ್ಲಿ ಮೊದಲು ಬಾಗಿಲು ತೆರೆದದ್ದು ಟೊರಾಂಟೋದಲ್ಲಲ್ಲ, ನಿಮ್ಮಲ್ಲಿ. 2016ರ ಡಿಸೆಂಬರ್, ಆ ಚಳಿಯಲ್ಲೂ ಜನ ಸಾಲು ನಿಂತಿದ್ದರು.

ಆದ್ದರಿಂದ ವಿಳಾಸದ ಮಾತನ್ನು ಬೇಗ ಮುಗಿಸುತ್ತೇನೆ. ಟಿಂಡಲ್ ಪಾರ್ಕ್, ಮೇಪಲ್ಸ್, ವೆಸ್ಟ್ ಎಂಡ್ ಕಡೆ ಹೋಗಿ. ಕೀವಾಟಿನ್ ರಸ್ತೆಯಲ್ಲಿ ಫಿಲಿಪೀನ್ ಕೆನೇಡಿಯನ್ ಸೆಂಟರ್ ಇದೆ. ಸೀಫುಡ್ ಸಿಟಿ ಎಂಬ ದಿನಸಿ ಅಂಗಡಿ ಇದೆ, ಅಲ್ಲಿನ ಒಣಮೀನಿನ ವಾಸನೆ ನಿಮಗೂ ಊರನ್ನು ನೆನಪಿಸೀತು. ಆಗಸ್ಟ್‌ನಲ್ಲಿ ಫೋಕ್ಲೋರಾಮಾ ಉತ್ಸವ ನಡೆದಾಗ ಫಿಲಿಪೀನ್ಸಿನ ಮಂಟಪಕ್ಕೂ ಹೋಗಬಹುದು. ಮನೆಯವರು ಚರ್ಚಿಗೆ ಹೋಗುವವರಾದರೆ ಡಿಸೆಂಬರ್ 16ರಿಂದ 24ರವರೆಗಿನ ಒಂಬತ್ತು ದಿನದ ಸಿಂಬಾಂಗ್ ಗಾಬಿ ಪೂಜೆಯನ್ನು ಅವರಿಗೆ ಯಾರೂ ನೆನಪಿಸಬೇಕಾಗಿಲ್ಲ.

ನೆನಪಿಸಬೇಕಾಗಿಲ್ಲ ಎಂದೆನಲ್ಲ, ವಿಷಯ ಇರುವುದು ಅಲ್ಲೇ. ಇದೆಲ್ಲ ಅವರಿಗೆ ನಿಮಗಿಂತ ಮೊದಲೇ ಗೊತ್ತು ಸ್ವಾಮಿ. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಫಿಲಿಪೀನ್ಸಿನ ಟಗಾಲೋಗ್ ಭಾಷೆ ಕೇಳಿಸುತ್ತದೆ, ವೃದ್ಧಾಶ್ರಮದ ಪಾಳಿಯಲ್ಲಿ ಜೊತೆಗಿರುವವರಲ್ಲೇ ಅವರ ದೇಶದವರು ಖಂಡಿತ ಇರುತ್ತಾರೆ. ಜನ ಸಿಗದೆ ಅವರು ಒಂಟಿಯಾಗಿಲ್ಲ. ನೀವು ಕೊನೆಗೆ ಕಂಸದೊಳಗೆ ಹಾಕಿದ ಆ ಸಾಲನ್ನು ಇನ್ನೊಮ್ಮೆ ಓದಿ.

ಫಿಲಿಪಿನೋ ಜನರಲ್ಲಿ ‘ಹಿಯಾ’ ಎಂಬ ಮಾತಿದೆ. ನಾಚಿಕೆ, ಮರ್ಯಾದೆ, ನಾಲ್ಕು ಜನರ ಮುಂದೆ ತಲೆ ತಗ್ಗಿಸಬೇಕಾದೀತೆಂಬ ಅಂಜಿಕೆ, ಎಲ್ಲ ಸೇರಿದ್ದು. ಅವರು ಒಬ್ಬರನ್ನೊಬ್ಬರು ‘ಕಬಾಯಾನ್’ ಎನ್ನುತ್ತಾರೆ, ನಾವು ‘ನಮ್ಮೂರವರು’ ಎಂದ ಹಾಗೆ. ಕಬಾಯಾನ್ ಸಿಕ್ಕರೆ ಮೊದಲ ಪ್ರಶ್ನೆ ‘ಯಾವೂರು?’ ಎರಡನೆಯದು ‘ಎಲ್ಲಿ ಕೆಲಸ?’ ದುಬೈಯಲ್ಲಿ ನರ್ಸ್ ಎಂದು ತಲೆಯೆತ್ತಿ ಹೇಳುತ್ತಿದ್ದವರು ಇಲ್ಲಿ ಏನು ಹೇಳಬೇಕು? ಅದೂ ನರ್ಸ್‌ಗಳೇ ಕಟ್ಟಿದಂಥ ಸಮುದಾಯದಲ್ಲಿ.

ಇದನ್ನು ಊಹೆಯಿಂದಷ್ಟೇ ಹೇಳುತ್ತಿಲ್ಲ. ನಾನು ಇಪ್ಪತ್ತಮೂರನೇ ವಯಸ್ಸಿನಲ್ಲಿ ಮುಂಬೈಗೆ ಹೋದವನು. ಸೇರಿದ್ದ ಪತ್ರಿಕೆ ಆರು ತಿಂಗಳಲ್ಲಿ ಮುಚ್ಚಿತು. ಆಮೇಲೆ ಒಂದು ಮುದ್ರಣಾಲಯದಲ್ಲಿ ರಾತ್ರಿ ಪಾಳಿ, ಮದುವೆ ಕಾಗದಗಳ ಕರಡು ತಿದ್ದುವ ಕೆಲಸ. ಮಾಟುಂಗದಲ್ಲಿ ಕನ್ನಡದವರಿಗೆ ಬರವೇ? ಆ ವರ್ಷ ಗಣೇಶ ಚೌತಿಗೆ ಸಂಘದವರು ಕರೆದರೆ ಜ್ವರ ಎಂದು ಸುಳ್ಳು ಹೇಳಿ ಕೋಣೆಯಲ್ಲಿ ಮಲಗಿದ್ದೆ. ಅಲ್ಲಿಗೆ ಹೋದರೆ ‘ಈಗ ಎಲ್ಲಿದ್ದೀರಿ?’ ಎಂದು ಕೇಳುತ್ತಾರಲ್ಲ. ನನ್ನನ್ನು ಆ ಕೋಣೆಯಿಂದ ಎಬ್ಬಿಸಿದ್ದು ಸಂಘವಲ್ಲ, ರಾತ್ರಿ ಊಟಕ್ಕೆ ಹೋಗುತ್ತಿದ್ದ ಖಾನಾವಳಿಯಲ್ಲಿ ಸಾರು ಬಡಿಸುತ್ತಿದ್ದ ನಿಮ್ಮ ಕಡೆಯ ಮನುಷ್ಯ. ‘ನಿಮ್ದ್ ಊರ್ ಯಾವ್ದ್ ಮಾರಾಯ್ರೆ?’ ಎಂದ. ಹೇಳಿದೆ. ಕೆಲಸದ ಮಾತು ಎತ್ತಲೇ ಇಲ್ಲ, ಇನ್ನೊಂದು ಸೌಟು ಸಾರು ಹಾಕಿದ. ನಾನು ಊಟ ಬಿಟ್ಟು ಎದ್ದು ಹೋಗದ ಹಾಗೆ ಅವನು ಅಲ್ಲೇ ನಿಂತಿದ್ದ ಅಂತ ಈಗ ಅನ್ನಿಸುತ್ತದೆ.

ಹಾಗಾಗಿ ದೊಡ್ಡ ಸಭಾಭವನ ಬೇಡ, ಸದ್ಯಕ್ಕೆ. ಸಂಘಗಳ ಬಗ್ಗೆ ನನಗೆ ಗೌರವವಿದೆ, ಆದರೆ ಊರಿಗೊಂದು ಕನ್ನಡ ಸಂಘ, ಅದು ಒಡೆದು ಇನ್ನೊಂದು ಎಂಬುದು ನಮಗೆ ಗೊತ್ತಿಲ್ಲದ್ದೇ? ಚಿಕ್ಕದನ್ನು ಹುಡುಕಿ. ‘ಫಿಲಿಪಿನೋ’ ಎಂದು ಹುಡುಕುವುದನ್ನೂ ಬಿಡಿ. ಇಲೋಇಲೋ ಎಂದರೆ ಪನಾಯ್ ದ್ವೀಪ, ಅಲ್ಲಿ ಮನೆಮಾತು ಟಗಾಲೋಗ್ ಅಲ್ಲ, ಹಿಲಿಗಾಯ್‌ನೊನ್. ರಾಗವಾಗಿ, ಮೆಲ್ಲಗೆ ಆಡುವ ಭಾಷೆ ಎಂದು ಅವರ ದೇಶದಲ್ಲೇ ಹೆಸರು. ಬೆಂಗಳೂರಿನ ಕನ್ನಡ ಕೇಳಿದಾಗ ಕುಂದಾಪುರದ ನಿಮಗೆ ಹೇಗಾಗುತ್ತದೋ ಟಗಾಲೋಗ್ ಕೇಳಿ ಅವರಿಗೂ ಹಾಗೆಯೇ ಆಗುತ್ತಿರಬಹುದು. ತಮ್ಮ ದೇಶದ ಭಾಷೆಯೇ, ಆದರೂ ಮನೆಯದ್ದಲ್ಲ. ಟಗಾಲೋಗ್‌ನಲ್ಲಿ ಅಣ್ಣನಿಗೆ ‘ಕುಯಾ’, ಅಕ್ಕನಿಗೆ ‘ಆತೆ’. ಇಲೋಇಲೋದವರಿಗೆ ‘ಮನೋಂಗ್’, ‘ಮನಾಂಗ್’. ಯಾರೋ ಹಿಂದಿನಿಂದ ‘ಮನಾಂಗ್’ ಎಂದರೆ ಅವರು ತಿರುಗಿ ನೋಡುತ್ತಾರೆ, ಬೇಕಾದರೆ ಗಮನಿಸಿ.

ಅಂಥವರು ಸಿಗುವ ಒಂದು ಜಾಗ ಹೇಳುತ್ತೇನೆ. ಬಾಲಿಕ್‌ಬಾಯಾನ್ ಪೆಟ್ಟಿಗೆ ನಿಮಗೆ ದುಬೈಯಿಂದಲೇ ಪರಿಚಯ ಇರಬೇಕು. ಸೋಪು, ಚಾಕಲೇಟು, ಟವೆಲು, ಡಬ್ಬಿ ಮಾಂಸ, ತಂಗಿಯ ಮಕ್ಕಳಿಗೆ ಶೂ, ಎಲ್ಲ ತುರುಕಿ, ಟೇಪು ಸುತ್ತಿ ಹಡಗಿನಲ್ಲಿ ಊರಿಗೆ ಕಳಿಸುವ ರಟ್ಟಿನ ಪೆಟ್ಟಿಗೆ. ಅದು ತಲುಪಲು ತಿಂಗಳುಗಳೇ ಬೇಕು, ಹಾಗಾಗಿ ಕ್ರಿಸ್‌ಮಸ್‌ಗೆ ಮುಟ್ಟಬೇಕೆಂದರೆ ಸೆಪ್ಟೆಂಬರ್ ಹೊತ್ತಿಗೇ ಕಾರ್ಗೋ ಅಂಗಡಿಗಳಲ್ಲಿ ಗದ್ದಲ. ಅಲ್ಲಿ ರಾಶಿ ಹಾಕಿದ ಪೆಟ್ಟಿಗೆಗಳ ಮೈಮೇಲೆ ದಪ್ಪ ಮಾರ್ಕರಿನಲ್ಲಿ ಹೆಸರು, ಬರಂಗಾಯ್, ಎಂದರೆ ನಮ್ಮ ಗ್ರಾಮದ ಹಾಗಿನದು, ಪಟ್ಟಣ, ಪ್ರಾಂತ್ಯ. ಯಾರ ಪೆಟ್ಟಿಗೆ ಎಲ್ಲಿಗೆ ಹೋಗುತ್ತದೆಂದು ಅಂಗಡಿಯವನಿಗೆ ಬಾಯಿಪಾಠ. ಇಲೋಇಲೋ ಎಂದು ಬರೆದ ಪೆಟ್ಟಿಗೆ ತಂದವರ ಮುಂದೆ ಟಗಾಲೋಗ್‌ನ ‘ತಗಾಸಾನ್ ಕಾ?’ ಬದಲು ಹಿಲಿಗಾಯ್‌ನೊನ್‌ನ ‘ತಗಾದಿಇನ್ ಕಾ?’ ಹೊರಡುತ್ತದೆ. ಯಾವೂರು ಎಂದೇ ಎರಡಕ್ಕೂ ಅರ್ಥ. ಸಾಲಿನಲ್ಲಿ ನಿಂತವರ ನಡುವೆ ಕೆಲಸದ ಪ್ರಶ್ನೆ ಬರುವುದು ನಿಧಾನ. ಪೆಟ್ಟಿಗೆ ಮೊದಲು.

ಕೆಲಸದ ಪ್ರಶ್ನೆ ಬಂದರೂ ಇನ್ನೊಂದು ಮಾತು. ಹೊರದೇಶದಲ್ಲಿ ಓದಿದ ನರ್ಸ್‌ಗಳು ಅಲ್ಲಿ ನೋಂದಣಿಗೆ ದಾಖಲೆ ಕಳಿಸಿ, ಎನ್‌ಕ್ಲೆಕ್ಸ್ ಎಂಬ ಪರವಾನಗಿ ಪರೀಕ್ಷೆ ಮುಗಿಸುವವರೆಗೆ ಸಹಾಯಕಿಯರಾಗಿ ದುಡಿಯುವುದು ಸಾಮಾನ್ಯ. ಆ ಪಾಳಿಯಲ್ಲೇ ಅಂಥ ಒಬ್ಬಿಬ್ಬರು ಇದ್ದಾರು. ಒಟ್ಟಿಗೆ ಕೂತು ಓದಲು ನಿಮ್ಮ ಊಟದ ಮೇಜು ಬಿಟ್ಟುಕೊಡಿ. ಅಡುಗೆ ಆ ದಿನ ನಿಮ್ಮದು. ಮೀನು ಸಾರಿಗೆ ಹುಣಸೆ ಧಾರಾಳ ಹಾಕಿ, ಅವರ ಸಿನಿಗಾಂಗ್ ಕೂಡ ಹುಣಸೆಯ ಹುಳಿಯೇ. ಯಾರಾದರೂ ‘ನಕಾಕಾಓನ್ ಕಾ ನಾ?’ ಎಂದರೆ ಗಾಬರಿ ಬೇಡ, ‘ಊಟ ಆಯ್ತಾ?’ ಎಂದು ಕೇಳುತ್ತಿದ್ದಾರೆ. ಆಯ್ತು ಎಂದರೂ ತಟ್ಟೆ ಬರುತ್ತದೆ. ಹಂದಿ ತಿನ್ನುವುದಿಲ್ಲವಾದರೆ ಮೊದಲೇ ಹೇಳಿ. ಮತ್ತೆ ಅವರ ಮನೆಗೆ ಕರೆದರೆ ಕರೋಕೆ ತಪ್ಪಿದ್ದಲ್ಲ. ಮೈಕು ನಿಮ್ಮ ಕೈಗೂ ಬರುತ್ತದೆ, ಅಣ್ಣಾವ್ರ ಒಂದು ಹಾಡಾದರೂ ಬಾಯಿಗೆ ಬರುವಂತಿರಲಿ.

ಇನ್ನು ಒಂದೇ ವಿನಂತಿ. ಕಾರ್ಗೋ ಅಂಗಡಿಗೆ ನೀವು ಕಾರಿನಲ್ಲಿ ಕರೆದುಕೊಂಡು ಹೋಗಿ, ಪೆಟ್ಟಿಗೆ ಎತ್ತಿಕೊಡಿ, ಟೇಪು ಹಿಡಿಯಿರಿ. ಮಾರ್ಕರ್ ಮಾತ್ರ ಅವರ ಕೈಯಲ್ಲಿರಲಿ. ಅಮ್ಮನ ಹೆಸರು, ಬರಂಗಾಯ್, ಇಲೋಇಲೋ ಎಂದು ದೊಡ್ಡದಾಗಿ, ಸಾಲಿನಲ್ಲಿ ಹಿಂದೆ ನಿಂತವರಿಗೂ ಕಾಣುವ ಹಾಗೆ ಅವರೇ ಬರೆಯಲಿ. ನೀವು ಆ ಹೊತ್ತಿಗೆ ಹೊರಗೆ ಹೋಗಿ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿರಿ.