ಅಮ್ಮನ ಟ್ರಂಕು, ಮನ್ನದ ಮಡಕೆ

ಈ ಸಲ ಬಂದ ಪತ್ರಗಳಲ್ಲಿ ಒಂದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ವಿಷಯ ಇಷ್ಟು. ಅಮ್ಮ ತೀರಿಕೊಂಡು 2 ವರ್ಷವಾಯಿತು. ಮನೆಯಲ್ಲಿ 35 ವರ್ಷದ ಸಾಮಾನು ತುಂಬಿದೆ. ಮಗಳು "ಎಲ್ಲಾ ಬಿಸಾಕಮ್ಮ" ಅನ್ನುತ್ತಾಳೆ. ಇವರು ಭಾನುವಾರಕ್ಕೊಂದು ಡಬ್ಬ ತೆಗೆಯುತ್ತಾರೆ, ಅಳುತ್ತಾರೆ, ಮತ್ತೆ ಮುಚ್ಚಿಡುತ್ತಾರೆ. "ಆಯ್ದಕ್ಕಿ ಲಕ್ಕಮ್ಮನ ಕಥೆ ಓದಿ ನಾಚಿಕೆಯಾಯಿತು. ಬಾಯಲ್ಲಿ ದೇವರು, ಕೈಯಲ್ಲಿ ಹರಿದ ಕರ್ಚೀಫು. ನನ್ನ ಭಕ್ತಿ ಡೋಂಗಿನಾ?" ಎಂದು ಕೇಳಿದ್ದಾರೆ. ಅಮ್ಮನ ಹರಿದ ಪ್ರಾರ್ಥನೆ ಪುಸ್ತಕವನ್ನು ಏನು ಮಾಡುವುದು ಎಂಬ ಪ್ರಶ್ನೆಯೂ ಇದೆ.

ಅಕ್ಕಾ ಎಂದೇ ಕರೆಯುತ್ತೇನೆ. ಡೋಂಗಿ ಅಲ್ಲ ಅಕ್ಕಾ. ಆ ಮಾತನ್ನು ಮೊದಲು ಆಚೆ ಹಾಕಿ.

ಲಕ್ಕಮ್ಮ ಗಂಡನನ್ನು ಗದರಿದ್ದು ಯಾಕೆ ಹೇಳಿ? 12ನೇ ಶತಮಾನದ ಆ ಮನೆಯಲ್ಲಿ ಮಾರಯ್ಯ ದಿನಾ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಅಳತೆಗಿಂತ ಜಾಸ್ತಿ ತಂದ. ಇಷ್ಟು ನಮಗೆ ಬೇಡ, ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದಳು. ಅವಳಿಗೆ ಸಿಟ್ಟು ಬಂದದ್ದು ಆಸೆಯ ಮೇಲೆ. ತೀರಿಕೊಂಡ ತಾಯಿಯ ಕರ್ಚೀಫಿನ ಬಗ್ಗೆ ಅವಳು ಏನೂ ಹೇಳಿಲ್ಲ. ಆದರೆ ನಿಮ್ಮ ಬೀರುವಿನಲ್ಲಿ ಕರ್ಚೀಫಿನ ಪಕ್ಕದಲ್ಲೇ 11 ಖಾಲಿ ಪ್ಲಾಸ್ಟಿಕ್ ಡಬ್ಬಗಳಿವೆ ಎಂದು ನೀವೇ ಬರೆದಿದ್ದೀರಿ. ಅವುಗಳ ವಿಷಯಕ್ಕೆ ಮಾತ್ರ ಲಕ್ಕಮ್ಮ ನಿಮ್ಮನ್ನೂ ಬಿಡುತ್ತಿರಲಿಲ್ಲ, ಅಲ್ವಾ?

ನನಗೆ ಈ ವಿಷಯದಲ್ಲಿ ತುಂಬ ಹಿಡಿಸಿದ್ದು ಬೈಬಲಿನ ವಿಮೋಚನಕಾಂಡದ 16ನೇ ಅಧ್ಯಾಯ. ಮರುಭೂಮಿಯಲ್ಲಿ ಅಲೆಯುತ್ತಿದ್ದ ಇಸ್ರಾಯೇಲ್ ಜನರಿಗೆ ದಿನಾ ಬೆಳಗ್ಗೆ ಮನ್ನ, ಅಂದರೆ ದೇವರು ಕಳಿಸುವ ಆಹಾರ, ಸಿಗುತ್ತದೆ. ಅವತ್ತಿನದು ಅವತ್ತಿಗೆ ಎಂದು ಮೊದಲೇ ಹೇಳಿರುತ್ತದೆ. ಕೆಲವರು ಕೇಳುವುದಿಲ್ಲ, ನಾಳೆಗಿರಲಿ ಎಂದು ಎತ್ತಿಡುತ್ತಾರೆ, ಬೆಳಗಾಗುವಷ್ಟರಲ್ಲಿ ಅದಕ್ಕೆ ಹುಳ ಬಿದ್ದು ನಾರುತ್ತದೆ. ಇಷ್ಟು ಭಾಗ ಎಲ್ಲರಿಗೂ ಗೊತ್ತು, ಕೂಡಿಡಬೇಡಿ ಎಂದು ಹೇಳುವವರೆಲ್ಲ ಇದನ್ನೇ ಹೇಳುತ್ತಾರೆ. ಅದೇ ಅಧ್ಯಾಯದ ಕೊನೆಯನ್ನು ಯಾಕೋ ಯಾರೂ ಓದುವುದಿಲ್ಲ. ಅಲ್ಲಿ ಅದೇ ಮನ್ನವನ್ನು ಒಂದು ಓಮೆರ್ ಅಳೆದು ಮಡಕೆಯಲ್ಲಿ ಎತ್ತಿಡಿ, ಮುಂದಿನ ತಲೆಮಾರಿನವರು ನೋಡಲಿ ಎಂಬ ಅಪ್ಪಣೆ ಬರುತ್ತದೆ. ಓಮೆರ್ ಅಂದರೆ ಒಬ್ಬರ ಒಂದು ದಿನದ ಪಾಲು, ಸುಮಾರು 2 ಲೀಟರ್. ಅವರು ಮನ್ನ ತಿಂದದ್ದು 40 ವರ್ಷ. ಇಟ್ಟುಕೊಂಡದ್ದು ಒಂದು ಮಡಕೆ.

ನಿಮ್ಮದು 35 ವರ್ಷ. ಹಾಗಾಗಿ ಮಡಕೆ ಯಾವುದು ಎಂದು ಮೊದಲು ಗೊತ್ತು ಮಾಡಿಕೊಳ್ಳಿ. ಅಮ್ಮನ ಟ್ರಂಕೇ ಆಗಲಿ. ಮುಚ್ಚಳ ಹಾಕಲು ಬರುವಷ್ಟು ಸಾಮಾನು ಅದರಲ್ಲಿ ಇರಲಿ. ಕರ್ಚೀಫು ಒಳಗೆ ಹೋಗಲಿ, ಯಾರಿಗೂ ಕಾರಣ ಕೊಡಬೇಕಾಗಿಲ್ಲ.

ಒಂದು ತಪ್ಪು ಮಾತ್ರ ನಿಮ್ಮ ಪತ್ರದಲ್ಲಿ ಕಾಣುತ್ತಿದೆ. ನೀವು ಶುರು ಮಾಡುತ್ತಿರುವುದೇ ಅಮ್ಮನ ಕಾಗದಗಳಿಂದ. ಮೊದಲ ಡಬ್ಬದಲ್ಲೇ ಅಳು ಬಂದರೆ ಎರಡನೆಯದಕ್ಕೆ ಕೈ ಹೋಗುವುದು ಹೇಗೆ? ಅಳು ಬರಿಸದ ವಸ್ತುಗಳಿಂದ ಶುರು ಮಾಡಿ. ಅವಧಿ ಮುಗಿದ ಮಾತ್ರೆಗಳು, ಯಾವುದಕ್ಕೂ ಹೊಂದದ ಚಾರ್ಜರ್‌ಗಳು, ಮುಚ್ಚಳವಿಲ್ಲದ ಡಬ್ಬಗಳು. ಹಳೇ ಮೊಬೈಲಿನ ಬ್ಯಾಟರಿ ಊದಿಕೊಂಡಿದ್ದರೆ ಅದನ್ನು ಚುಚ್ಚಬೇಡಿ, ಕಸದ ಬುಟ್ಟಿಗೂ ಹಾಕಬೇಡಿ, ಬೆಂಕಿ ಹತ್ತಬಹುದು. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ.

ರಸೀದಿಗಳ ವಿಷಯಕ್ಕೆ ಬಂದರೆ ನಾನೇ ದೊಡ್ಡ ದಡ್ಡ. ಅಪ್ಪ ತಮ್ಮ ವಾಚನ್ನು ಕೊನೇ ಸಲ ರಿಪೇರಿ ಮಾಡಿಸಿದ ರಸೀದಿಯನ್ನು ವರ್ಷಗಟ್ಟಲೆ ಪರ್ಸಿನಲ್ಲಿಟ್ಟು ತಿರುಗಿದೆ. ಒಂದು ದಿನ ಬಿಚ್ಚಿ ನೋಡಿದರೆ ಒಂದಕ್ಷರವೂ ಇಲ್ಲ. ಅಂಗಡಿ ಮಷೀನಿನಿಂದ ಬರುವ ಆ ನುಣುಪು ಕಾಗದದಲ್ಲಿ ಶಾಯಿ ಇರುವುದಿಲ್ಲ, ಬಿಸಿ ತಾಗಿದರೆ ಕಪ್ಪಾಗುವ ಲೇಪ ಇರುತ್ತದೆ ಅಷ್ಟೆ. ಬಿಸಿಲು, ಸೆಕೆ, ಕೈಬೆವರಿಗೆ ಅಕ್ಷರ ಮಾಸಿಹೋಗುತ್ತದೆ. ಅಷ್ಟು ವರ್ಷ ನಾನು ಖಾಲಿ ಚೀಟಿಯನ್ನು ಜೋಪಾನ ಮಾಡಿದ್ದೆ. ನಗು ಬಂತು, ಆಮೇಲೆ ಅಳುವೂ ಬಂತು. ಚೀಟಿಯನ್ನು ಮಾತ್ರ ಮತ್ತೆ ಪರ್ಸಿನಲ್ಲೇ ಇಟ್ಟೆ, ಈಗಲೂ ಅಲ್ಲೇ ಇದೆ. ಹಾಗಾಗಿ ನಿಮಗೆ ಬುದ್ಧಿ ಹೇಳುವ ಯೋಗ್ಯತೆ ನನಗೆ ಎಷ್ಟಿದೆ ಎಂದು ನೀವೇ ಲೆಕ್ಕ ಹಾಕಿ.

ಪ್ರಾರ್ಥನೆ ಪುಸ್ತಕವನ್ನು ರದ್ದಿಗೆ ಹಾಕಲು ಕೈ ಬರುತ್ತಿಲ್ಲ ಎಂದಿರಿ. ಆ ಸಂಕಟ ನಿಮಗೊಬ್ಬರಿಗೇ ಇಲ್ಲ. ಯಹೂದಿಗಳು ದೇವರ ಹೆಸರಿರುವ ಹಳೇ ಹಾಳೆಗಳನ್ನು ಎಸೆಯುವುದಿಲ್ಲ. ಒಂದು ಕೋಣೆಯಲ್ಲಿ ಹಾಕಿಟ್ಟು ಆಮೇಲೆ ಮಣ್ಣು ಮಾಡುತ್ತಾರೆ. ಆ ಕೋಣೆಗೆ ಗೆನಿಜಾ ಎಂದು ಹೆಸರು. ಕೈರೋದ ಬೆನ್ ಎಜ್ರಾ ಮಂದಿರದಲ್ಲಿ ಮಣ್ಣು ಮಾಡುವ ಕೆಲಸ ಹಾಗೇ ಉಳಿದು, ನೂರಾರು ವರ್ಷ ರಾಶಿ ಬೆಳೆಯುತ್ತಲೇ ಹೋಯಿತು. 1896-97ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ಅಲ್ಲಿಂದ ಸುಮಾರು 1,90,000 ತುಣುಕುಗಳನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಧರ್ಮಗ್ರಂಥದ ಹಾಳೆಗಳ ಜೊತೆ ಅಲ್ಲಿ ವ್ಯಾಪಾರದ ಲೆಕ್ಕ, ಮದುವೆ ಕರಾರು, ಮಕ್ಕಳು ಅಕ್ಷರ ತಿದ್ದಿದ ಹಾಳೆಗಳೂ ಸಿಕ್ಕವು. ಇದನ್ನು ಓದಿ "ಹಾಗಾದರೆ ನಾನೂ ಎಲ್ಲಾ ಇಡುತ್ತೇನೆ" ಅನ್ನಬೇಡಿ ಅಕ್ಕಾ, ನಿಮ್ಮ ಮನೆಗೆ ಯಾವ ವಿದ್ವಾಂಸರೂ ಬರುವುದಿಲ್ಲ! ಮುಸ್ಲಿಮರಲ್ಲೂ ಹಳೆಯ ಕುರಾನ್ ಪ್ರತಿಯನ್ನು ಬಟ್ಟೆಯಲ್ಲಿ ಸುತ್ತಿ ಹೂಳುವವರಿದ್ದಾರೆ. ನೀವೂ ಅಮ್ಮನ ಕೈಬರಹವಿರುವ ಪುಟವನ್ನು ಟ್ರಂಕಿನಲ್ಲಿ ಇಟ್ಟುಕೊಳ್ಳಿ. ಉಳಿದದ್ದನ್ನು ಬಟ್ಟೆಯಲ್ಲಿ ಸುತ್ತಿ ಒಂದು ಗಿಡದ ಬುಡದಲ್ಲಿ ಹೂಳಿ.

ಮಗಳ ಮೇಲೆ ಸಿಟ್ಟು ಬೇಡ. ಅವಳಿಗೆ ಅಜ್ಜಿಯ ನೆನಪು ಬೇರೆ ವಸ್ತುವಿನಲ್ಲಿರಬಹುದು, ನೀವು ಲೆಕ್ಕಕ್ಕೇ ಇಡದ ಯಾವುದೋ ಸೌಟಿನಲ್ಲಿ. ನಿನಗೇನು ಬೇಕು ಎಂದು ಕೇಳಿ. ಏನೂ ಬೇಡ ಎಂದರೆ ಅದನ್ನೂ ಒಪ್ಪಿಕೊಳ್ಳಿ.

ಫೋಟೋಗಳದು ಸ್ವಲ್ಪ ಅವಸರದ ಕೆಲಸ. ಫೋಟೋ ಕಟ್ಟುಗಳಿಗೆ ಹಾಕಿದ ರಬ್ಬರ್ ಬ್ಯಾಂಡು, ಪಿನ್ನು ಇವತ್ತೇ ತೆಗೆಯಿರಿ. ರಬ್ಬರ್ ಕರಗಿ ಅಂಟುತ್ತದೆ, ಪಿನ್ನು ತುಕ್ಕು ಹಿಡಿಯುತ್ತದೆ. ಆಲ್ಬಮಿನ ಅಂಟುಹಾಳೆಗೆ ಕಚ್ಚಿಕೊಂಡ ಫೋಟೋವನ್ನು ಕೀಳಬೇಡಿ. ಹಲ್ಲಿನ ಸಂದಿ ತೆಗೆಯುವ ದಾರವನ್ನು ಅಡಿಯಲ್ಲಿ ಮೆಲ್ಲಗೆ ಎಳೆದು ನೋಡಿ. ಬರದಿದ್ದರೆ ಅಲ್ಲೇ ಇರಲಿ, ಪುಟದ ಸಮೇತ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ.

ಅರ್ಧದಷ್ಟು ಫೋಟೋಗಳಲ್ಲಿ ಇರುವವರು ಯಾರೆಂದೇ ಗೊತ್ತಿಲ್ಲ, ಗೊತ್ತಿರುವವರು ಚಿಕ್ಕಮ್ಮ ಒಬ್ಬರೇ, ಅವರಿಗೆ 84 ಎಂದು ಪತ್ರದ ಕೊನೇ ಸಾಲಿನಲ್ಲಿ ಬರೆದು ಬಿಟ್ಟಿದ್ದೀರಿ. ಅದನ್ನು ಮೊದಲ ಸಾಲಿನಲ್ಲಿ ಬರೆಯಬೇಕಿತ್ತು. ಟ್ರಂಕು ಮುಂದಿನ ತಿಂಗಳಾದರೂ ಅಲ್ಲೇ ಇರುತ್ತದೆ. ಈ ಭಾನುವಾರ ಡಬ್ಬ ತೆಗೆಯಬೇಡಿ, ಫೋಟೋ ಕಟ್ಟು ಹಿಡಿದುಕೊಂಡು ಚಿಕ್ಕಮ್ಮನ ಮನೆಗೆ ಹೋಗಿ. ಮೆತ್ತನೆಯ ಪೆನ್ಸಿಲ್ ಒಯ್ಯಿರಿ. ಬಾಲ್ ಪೆನ್ ಬೇಡ, ಹಿಂದೆ ಒತ್ತಿ ಬರೆದರೆ ಮುಂದೆ ಮುಖದ ಮೇಲೆ ಗೀರು ಮೂಡುತ್ತದೆ.